ಹಳೇ ಟಿವಿ ಗೇಮ್ ಮತ್ತೆ ಆಡೋಣ: ಬೆಂಗಳೂರಿನಲ್ಲಿ ರೆಟ್ರೋ ಗೇಮ್ ಸಂಗ್ರಹಕ್ಕೊಂದು ಸಮಗ್ರ ಮಾರ್ಗದರ್ಶಿ

ರೆಟ್ರೋ ಗೇಮ್ ಕೂಡಿಡುವುದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಅಮೆರಿಕದವರ ಸಲಹೆ. ಸೂಪರ್ ನಿಂಟೆಂಡೋ ತಗೊಳ್ಳಿ, ನಿಂಟೆಂಡೋ 64 ತಗೊಳ್ಳಿ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅವು ಇರಲೇ ಇಲ್ಲವಲ್ಲ! ನಮ್ಮಲ್ಲಿದ್ದದ್ದು ಲಿಟಲ್ ಮಾಸ್ಟರ್, ಮೀಡಿಯಾ ಅನ್ನೋ ಹೆಸರಿನ ಟಿವಿ ಗೇಮ್‌ಗಳು, ಮೇಲೆ ‘9999 ಇನ್ 1’ ಅಂತ ಬರೆದ ಕ್ಯಾಸೆಟ್‌ಗಳು, ಆಮೇಲೆ ಕಾಪಿ ಡಿಸ್ಕ್ ಓಡಲೆಂದು ಚಿಪ್ ಹಾಕಿಸಿದ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2). ಅಮೆರಿಕದವರ ಪಟ್ಟಿ ಹಿಡಿದುಕೊಂಡು ಬೆಂಗಳೂರಿನಲ್ಲಿ ಅಲೆದರೆ ದುಡ್ಡೂ ಹೋಗುತ್ತದೆ, ಬೇಜಾರೂ ಆಗುತ್ತದೆ. ಇಲ್ಲಿ ಏನು ಮಾರಾಟವಾಗಿತ್ತೋ, ಈಗಲೂ ಏನು ಕೈಗೆ ಸಿಗುತ್ತದೋ ಅದರಿಂದ ಶುರು ಮಾಡಿ. ಉಳಿದದ್ದು ಆಮೇಲೆ.

ಹಂತ 1: ಏನು ಆಡಬೇಕು ಅಂತ ಮೊದಲು ತೀರ್ಮಾನಿಸಿ

ಕನ್ಸೋಲ್ (ಗೇಮ್ ಆಡಿಸುವ ಡಬ್ಬ) ಆರಿಸಬೇಡಿ, ಗೇಮ್ ಆರಿಸಿ. ಒಂದು ಹಾಳೆಯಲ್ಲಿ ನಿಜವಾಗಿ ಕೂತು ಆಡುವ ಐದು ಗೇಮ್ ಹೆಸರು ಬರೆಯಿರಿ. ಅದರಲ್ಲಿ ಮಾರಿಯೋ, ಕಾಂಟ್ರಾ, ಡಕ್ ಹಂಟ್ ಇದ್ದರೆ ನಿಮಗೆ ಬೇಕಿರುವುದು ಟಿವಿ ಗೇಮ್. ಗಾಡ್ ಆಫ್ ವಾರ್, ಸ್ಯಾನ್ ಆಂಡ್ರಿಯಾಸ್, ಕ್ರಿಕೆಟ್ 07 ಇದ್ದರೆ ಪಿಎಸ್2. ಪೋಕೆಮಾನ್ ಇದ್ದರೆ ನಿಂಟೆಂಡೋದ, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್. ಒಂದೇ ಸಲ ಮೂರು ಕನ್ಸೋಲ್ ಕೊಳ್ಳುವವರನ್ನು ನೋಡಿದ್ದೇನೆ. ಮೂರಕ್ಕೂ ಬೇರೆ ವೈರ್, ಬೇರೆ ಅಡಾಪ್ಟರ್, ಬೇರೆ ರಿಪೇರಿ. ಕೊನೆಗೆ ಒಂದೂ ಆಡುವುದಿಲ್ಲ.

ಹೊಸಬರಿಗೆ ನನ್ನ ಸಲಹೆ ಪಿಎಸ್2. 2000ರಲ್ಲಿ ಬಂದ ಈ ಕನ್ಸೋಲ್ 15 ಕೋಟಿಗೂ ಹೆಚ್ಚು ಮಾರಾಟವಾಯಿತು. 2013ರ ಹೊತ್ತಿಗೆ ತಯಾರಿಕೆ ನಿಂತರೂ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ. ಪಿಎಸ್1 ಗೇಮ್‌ಗಳೂ ಅದರಲ್ಲೇ ಓಡುತ್ತವೆ. ಜೊತೆಗೆ ಹೊರದೇಶದ ಯಾವ ‘ಟಾಪ್ 100’ ಪಟ್ಟಿಯಲ್ಲೂ ಕಾಣದ ದೇಸಿ ಗೇಮ್‌ಗಳು ಇದಕ್ಕೇ ಬಂದವು: 2009ರ ‘ಹನುಮಾನ್: ಬಾಯ್ ವಾರಿಯರ್’, 2010ರ ‘ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್’. ಹನುಮಾನ್ ಆಡಲು ಅಂಥಾ ಚೆನ್ನಾಗಿಲ್ಲ, ನಿಜ. ಆದರೆ ಇಲ್ಲಿ ತಯಾರಾಗಿ ಪ್ಲೇಸ್ಟೇಷನ್ ಪೆಟ್ಟಿಗೆಯಲ್ಲಿ ಬಂದ ಗೇಮ್ ಅದು. ಇಂಥವನ್ನು ನಾವು ಎತ್ತಿಡದಿದ್ದರೆ ಬೇರೆ ಯಾರೂ ಎತ್ತಿಡುವುದಿಲ್ಲ.

ಹಂತ 2: ಮೊದಲು ಅಟ್ಟ, ಆಮೇಲೆ ಮಾರ್ಕೆಟ್

ದುಡ್ಡು ಬಿಚ್ಚುವ ಮೊದಲು ಮನೆಯ ಅಟ್ಟ ನೋಡಿ. ಅತ್ತೆ ಮನೆ, ಚಿಕ್ಕಪ್ಪನ ಮನೆ, ಊರಿನ ಮನೆ ಎಲ್ಲ ಕಡೆ ಕೇಳಿ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ‘ಯಾರ ಮನೇಲಾದ್ರೂ ಹಳೇ ವಿಡಿಯೋ ಗೇಮ್ ಇದ್ಯಾ?’ ಅಂತ ಒಂದು ಮೆಸೇಜ್ ಹಾಕಿ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲೂ ಹಾಕಿ. ಮನೆ ಖಾಲಿ ಮಾಡುವವರು ಗುಜರಿಗೆ ಹಾಕುವ ಬದಲು ನಿಮಗೆ ಸುಮ್ನೆ ಕೊಟ್ಟುಬಿಡುತ್ತಾರೆ. ದಪ್ಪ ಟಿವಿಯಂತೂ ‘ದಯವಿಟ್ಟು ತಗೊಂಡು ಹೋಗಿ’ ಎನ್ನುತ್ತಾರೆ.

ಆಮೇಲೆ ಮಾರ್ಕೆಟ್. ಸೆಕೆಂಡ್ ಹ್ಯಾಂಡ್ ಕನ್ಸೋಲ್, ಡಿಸ್ಕ್ ಬೇಕಿದ್ದರೆ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್. ವೈರ್, ಅಡಾಪ್ಟರ್, ಸ್ಕ್ರೂಡ್ರೈವರ್, ಕ್ಲೀನ್ ಮಾಡುವ ಸಾಮಾನಿಗೆ ಎಸ್‌ಪಿ ರೋಡ್. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಗಾಡಿ ತಗೊಂಡು ಹೋಗಬೇಡಿ, ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆ ಹರಡುವ ಸಂಡೇ ಬಜಾರಿನಲ್ಲಿ ಅದೃಷ್ಟ ಇದ್ದರೆ ಕ್ಯಾಸೆಟ್, ಜಾಯ್‌ಸ್ಟಿಕ್ ಸಿಗುತ್ತವೆ. ಅಲ್ಲಿ ಯಾವುದಕ್ಕೂ ವಾರಂಟಿ ಇಲ್ಲ, ಟೆಸ್ಟ್ ಮಾಡಲು ಪ್ಲಗ್ ಪಾಯಿಂಟೂ ಇಲ್ಲ. ಕೆಟ್ಟಿದ್ದರೂ ಪರವಾಗಿಲ್ಲ ಅನ್ನುವ ಬೆಲೆಗೆ ಕೊಟ್ಟರೆ ಮಾತ್ರ ತಗೊಳ್ಳಿ.

ಚೌಕಾಸಿ ಮಾಡುವಾಗ ಒಂದು ವಿಷಯ. ‘ರೆಟ್ರೋ’, ‘ಕಲೆಕ್ಷನ್’ ಅನ್ನೋ ಮಾತು ಬಾಯಿಗೆ ಬಂದ ತಕ್ಷಣ ರೇಟ್ ಏರುತ್ತದೆ. ‘ಅಣ್ಣಾ, ಮಗುಗೆ ಆಡೋಕೆ ಒಂದು ಹಳೇ ಗೇಮ್ ಬೇಕಿತ್ತು’ ಎಂದರೆ ಸಾಕು. ಬೋಣಿ ಸಮಯಕ್ಕೆ ಹೋದರೆ ಇನ್ನೂ ಒಳ್ಳೆಯದು, ಮೊದಲ ಗಿರಾಕಿಯನ್ನು ಯಾರೂ ಬರಿಗೈಲಿ ಕಳಿಸಲು ಇಷ್ಟಪಡುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಗೇಮ್ ಓಡುತ್ತಿರುವ ವಿಡಿಯೋ ಕೇಳಿ. ಅದರಲ್ಲಿ ಅವತ್ತಿನ ತಾರೀಖು ಬರೆದ ಚೀಟಿ ಕಾಣಬೇಕು. ಮುಂಗಡ ಕಳಿಸಬೇಡಿ. ಹೊರದೇಶದಿಂದ ತರಿಸುವಾಗ ಸಾಗಣೆ ಖರ್ಚಿನ ಜೊತೆ ಕಸ್ಟಮ್ಸ್ ಡ್ಯೂಟಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಂತ 3: ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಇಲ್ಲಿ ಅವಸರ ಮಾಡಿದವರು ಆಮೇಲೆ ವಾರಗಟ್ಟಲೆ ರಿಪೇರಿ ಅಂಗಡಿ ಸುತ್ತುತ್ತಾರೆ. ಪಿಎಸ್2 ಪರೀಕ್ಷೆ ಹೀಗೆ ಮಾಡಿ.

ಮೊದಲು ತಿರುಗಿಸಿ ಲೇಬಲ್ ಓದಿ. ಮಾದರಿ ಸಂಖ್ಯೆ ಇರುತ್ತದೆ. ಅದರ ಕೊನೆಯ ಅಂಕಿ 0 ಇದ್ದರೆ ಜಪಾನ್, 1 ಇದ್ದರೆ ಅಮೆರಿಕ, 4 ಇದ್ದರೆ ಯೂರೋಪ್. ಒಂದು ದೇಶದ ಪಿಎಸ್2ನಲ್ಲಿ ಇನ್ನೊಂದು ದೇಶದ ಡಿಸ್ಕ್ ಹಾಗೇ ಹಾಕಿದರೆ ಓಡುವುದಿಲ್ಲ. ಲೇಬಲ್‌ನಲ್ಲಿ ವೋಲ್ಟೇಜ್ ಕೂಡ ನೋಡಿ. ಇದರ ಬಗ್ಗೆ ಮುಂದಿನ ಹಂತದಲ್ಲಿ ಹೇಳುತ್ತೇನೆ.

ಆಮೇಲೆ ಡಿಸ್ಕ್ ಓದುವ ಲೆನ್ಸ್. ಪಿಎಸ್2 ಹಾಳಾಗುವುದು ಹೆಚ್ಚಾಗಿ ಇಲ್ಲೇ. ಅಂಗಡಿಯವರು ಡಿಸ್ಕ್ ಹಾಕದೆ ಪೆನ್‌ಡ್ರೈವ್‌ನಿಂದಲೋ ಹಾರ್ಡ್‌ಡಿಸ್ಕ್‌ನಿಂದಲೋ ಗೇಮ್ ಓಡಿಸಿ ತೋರಿಸಿದರೆ ಲೆನ್ಸ್ ಹೋಗಿದೆ ಅಂತಲೇ ಅಂದುಕೊಳ್ಳಿ. ‘ಡಿಸ್ಕ್ ಹಾಕಿ ತೋರಿಸಿ’ ಎಂದು ಕೇಳಿ. ಮೂರು ಥರದ ಡಿಸ್ಕ್ ಜೊತೆಗೆ ಒಯ್ದರೆ ಚೆನ್ನ. ಅಡಿಭಾಗ ಬೆಳ್ಳಿ ಬಣ್ಣದ್ದು ಡಿವಿಡಿ, ನೀಲಿ ಬಣ್ಣದ್ದು ಪಿಎಸ್2ನ ಸಿಡಿ, ಕಪ್ಪು ಬಣ್ಣದ್ದು ಪಿಎಸ್1. ಬೆಳ್ಳಿಯದನ್ನು ಸಲೀಸಾಗಿ ಓದಿ, ನೀಲಿ ಹಾಕಿದ ಕೂಡಲೇ ಕೈಕೊಡುವ ಪಿಎಸ್2ಗಳಿವೆ. ಡಿಸ್ಕ್ ತಿರುಗುವಾಗ ಕನ್ಸೋಲ್ ಅಲ್ಲಾಡಿಸದೆ ನಿಮ್ಮ ಕಿವಿಯನ್ನು ಅದರ ಹತ್ತಿರ ತನ್ನಿ. ಒಂದೇ ಸಮನೆ ಸುಯ್ ಎನ್ನಬೇಕು. ಟಕ್-ಟಕ್ ಅಂತ ನಿಂತು ನಿಂತು ಸದ್ದು ಬಂದರೆ ಲೆನ್ಸ್ ಡಿಸ್ಕ್ ಓದಲು ಒದ್ದಾಡುತ್ತಿದೆ ಎಂದರ್ಥ. ಲೆನ್ಸ್ ಹೋಗಿದ್ದರೂ ಕೊಳ್ಳಬಹುದು, ಆದರೆ ಬೆಲೆ ಅದಕ್ಕೆ ತಕ್ಕ ಹಾಗೆ ಇಳಿಯಬೇಕು.

ಹದಿನೈದು ನಿಮಿಷ ಆಡಿ. ಬಿಸಿಯಾಗಿ ನಿಂತುಹೋಗುವುದು ಮೊದಲ ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಗೇಮ್ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ಲೋಡ್ ಮಾಡಿ. ಮೆಮೊರಿ ಕಾರ್ಡ್ ನಕಲಿ ಆಗಿದ್ದರೆ ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ. ಎರಡೂ ಕಂಟ್ರೋಲರ್ ಪೋರ್ಟ್, ಎರಡೂ ಕಾರ್ಡ್ ಸ್ಲಾಟ್ ನೋಡಿ. ಕಂಟ್ರೋಲರಿನ ಅನಲಾಗ್ ಕಡ್ಡಿಗಳನ್ನು ಮುಟ್ಟದೆ ಬಿಟ್ಟಾಗ ಆಟಗಾರ ತಾನಾಗಿ ನಡೆಯಬಾರದು.

ಟಿವಿ ಗೇಮ್ ಪರೀಕ್ಷೆ ಸುಲಭ. ಹಳೆಯ ಡಬ್ಬಗಳಲ್ಲಿ ಕೆಲವಕ್ಕೆ ಆಂಟೆನಾ ವೈರ್ ಮಾತ್ರ ಇರುತ್ತದೆ. ಹಳದಿ ಎವಿ ಪೋರ್ಟ್ ಇರುವುದನ್ನೇ ಆರಿಸಿ. ಕ್ಯಾಸೆಟ್ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಚಿತ್ರ ಚೂರಾದರೆ ಸ್ಲಾಟ್ ಸಡಿಲ. ನಮ್ಮ ಟಿವಿ ಗೇಮ್‌ಗಳೆಲ್ಲ ಬಹುತೇಕ 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಕನ್ಸೋಲ್ ಫ್ಯಾಮಿಕಾಮ್‌ನ ನಕಲು, ಹಾಗಾಗಿ ಅವುಗಳ ಕ್ಯಾಸೆಟ್‌ಗೆ 60 ಪಿನ್. ಅದರದೇ ಅಮೆರಿಕದ ರೂಪವಾದ ಎನ್‌ಇಎಸ್‌ನ ಕ್ಯಾಸೆಟ್‌ಗೆ 72. ಮಧ್ಯೆ ಕನ್ವರ್ಟರ್ ಇಲ್ಲದೆ ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಇನ್ನು ‘9999 ಇನ್ 1’ರಲ್ಲಿ ಅಷ್ಟು ಗೇಮ್ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಕೆಲವೇ ಗೇಮ್‌ಗಳು ಬೇರೆ ಬೇರೆ ಸ್ಟೇಜಿನಿಂದ ಶುರುವಾಗಿ ಪಟ್ಟಿ ತುಂಬಿಸುತ್ತವೆ. ಆದರೂ ಅದು ನಮ್ಮ ಕಾಲದ ದಾಖಲೆ, ಸಂಗ್ರಹದಲ್ಲಿ ಒಂದು ಇರಲೇಬೇಕು.

ಗೇಮ್‌ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಕ್ಯಾಸೆಟ್‌ಗಳಲ್ಲಿ ನಕಲಿ ಜಾಸ್ತಿ. ಅಸಲಿಯ ಲೇಬಲ್ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಂತೆ ಸಣ್ಣ ಅಂಕಿಗಳ ಅಚ್ಚು ಒತ್ತಿರುತ್ತದೆ. ರೂಬಿ, ಸಫೈರ್, ಎಮರಾಲ್ಡ್‌ಗಳ ಡಬ್ಬ ಅರೆಪಾರದರ್ಶಕ, ಒಳಗೆ ದುಂಡನೆಯ ಬ್ಯಾಟರಿ ಇರಬೇಕು. ಲೇಬಲ್‌ನ ಬಣ್ಣ ಮಂಕಾಗಿದ್ದು ಅಕ್ಷರ ಮಸುಕಾಗಿದ್ದರೆ ಅಲ್ಲೇ ಇಟ್ಟು ಬನ್ನಿ.

ಹಂತ 4: ಪ್ಲಗ್ ಹಾಕುವ ಮೊದಲು ವೋಲ್ಟೇಜ್ ನೋಡಿ

ನಮ್ಮ ಮನೆ ಕರೆಂಟ್ 230 ವೋಲ್ಟ್. ಜಪಾನಿನದು 100, ಅಮೆರಿಕದ್ದು 120. ಅಮೆರಿಕದಿಂದ ಬಂದ ನೆಂಟರು ತಂದುಕೊಟ್ಟ ದಪ್ಪ ಪಿಎಸ್2 ಅನ್ನು ನೇರವಾಗಿ ಗೋಡೆಗೆ ಚುಚ್ಚಿದರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಅಂಥದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಎಸ್‌ಪಿ ರೋಡಿನಲ್ಲಿ ಕೇಳಿ. ತೆಳು ಪಿಎಸ್2ಗಳಲ್ಲಿ 70000 ಸರಣಿಯವು ಹೊರಗಿನ 8.5 ವೋಲ್ಟ್ ಅಡಾಪ್ಟರಿನಿಂದ ನಡೆಯುತ್ತವೆ. ಅಡಾಪ್ಟರ್ ಬದಲಿಸಿದರೆ ಕೆಲಸ ಮುಗಿಯಿತು. 90000 ಸರಣಿಯಲ್ಲಿ ಪವರ್ ಸಪ್ಲೈ ಒಳಗೇ ಇದೆ.

ಅಡಾಪ್ಟರಿನ ಪಿನ್ ಕೂರುತ್ತದೆ ಎಂದ ಮಾತ್ರಕ್ಕೆ ಹಾಕಬೇಡಿ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ. ಫ್ಯಾಮಿಕಾಮ್‌ಗೆ, ಸೇಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ಗೆ ಬೇಕಿರುವುದು ಡಿಸಿ. ಇನ್ನು ಮೆಗಾ ಡ್ರೈವ್‌ನ ಮೊದಲ ಮಾದರಿಯಲ್ಲಿ ಪಿನ್ನಿನ ಮಧ್ಯಭಾಗ ಮೈನಸ್, ಎರಡನೇ ಮಾದರಿಯಲ್ಲಿ ಪ್ಲಸ್. ಅಡಾಪ್ಟರ್ ಮೇಲಿನ ವೃತ್ತದ ಚಿತ್ರ ನೋಡಿ, ಕನ್ಸೋಲ್ ಮೇಲಿನದಕ್ಕೆ ತಾಳೆ ಹಾಕಿ, ಆಮೇಲೆ ಚುಚ್ಚಿ.

ಮಳೆ ಬಂದಾಗ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಒಂದು ಸ್ಪೈಕ್ ಗಾರ್ಡ್ ಇರಲಿ. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡಿನಲ್ಲಿರುವುದು ಹಾಳಾಗಬಹುದು. ಸಣ್ಣ ಯುಪಿಎಸ್ ಇದ್ದರೆ ನೆಮ್ಮದಿ.

ಹಂತ 5: ಟಿವಿ ಯಾವುದು?

ಹಳೆಯ ಗೇಮ್‌ಗಳನ್ನು ಮಾಡಿದ್ದೇ ದಪ್ಪ ಟಿವಿಗೆ. ಬಾತುಕೋಳಿ ಹೊಡೆಯುವ ಗೇಮ್ ಡಕ್ ಹಂಟ್‌ನ ಗನ್ ಅಂತೂ ಅದರಲ್ಲಿ ಮಾತ್ರ ನಡೆಯುತ್ತದೆ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯುತ್ತದೆ. ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಮೂಡುವುದರಿಂದ ಎಷ್ಟು ಗುರಿಯಿಟ್ಟರೂ ಕೋಳಿ ಬೀಳುವುದಿಲ್ಲ, ಗೇಮಿನೊಳಗಿನ ನಾಯಿ ನಗುತ್ತಲೇ ಇರುತ್ತದೆ.

ಜಾಗ ಇದ್ದರೆ 21 ಇಂಚಿನ ದಪ್ಪ ಟಿವಿ ತಗೊಳ್ಳಿ. ಎತ್ತಲು ಇಬ್ಬರು ಬೇಕು. ಒಂದೇ ಎಚ್ಚರಿಕೆ: ಅದರ ಹಿಂಭಾಗ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಅದಕ್ಕೆ ಹಳೇ ಟಿವಿ ಮೆಕ್ಯಾನಿಕ್ ಅವರನ್ನೇ ಕರೆಯಿರಿ.

ಎಲ್‌ಇಡಿ ಟಿವಿ ಮಾತ್ರ ಇದ್ದರೆ ಮೊದಲು ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಬಟನ್ ಒತ್ತಿದ್ದಕ್ಕೂ ಮಾರಿಯೋ ಹಾರುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ. ಚಿತ್ರದ ಅಳತೆ 4:3 ಇಡಿ. ದಪ್ಪಗಾದ ಮಾರಿಯೋನನ್ನು ನೋಡಲು ನನಗಂತೂ ಆಗುವುದಿಲ್ಲ. ಪಿಎಸ್2ಗೆ ಮೂರು ಬಣ್ಣದ ಎವಿ ವೈರ್ ಬದಲು ಕಾಂಪೊನೆಂಟ್ ಕೇಬಲ್ (ಚಿತ್ರಕ್ಕೇ ಮೂರು ವೈರ್ ಇರುವುದು) ಹಾಕಿದರೆ ಚಿತ್ರ ಎಷ್ಟೋ ಮೇಲು. ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಕೆಲವು ನೂರು ರೂಪಾಯಿಯ ಕನ್ವರ್ಟರ್‌ಗಳಿವೆ. ಕೆಲಸ ನಡೆಯುತ್ತದೆ, ಅಷ್ಟೇ. ಹಳೆಯ ಕನ್ಸೋಲ್ ಕಳಿಸುವ ಸಿಗ್ನಲ್ ಅನ್ನು ಅವು ಎಷ್ಟೋ ಸಲ ತಪ್ಪಾಗಿ ಅರ್ಥಮಾಡಿಕೊಂಡು ಚಿತ್ರ ಮಸುಕು ಮಾಡುತ್ತವೆ. ಈ ಹವ್ಯಾಸ ಗಟ್ಟಿಯಾದ ಮೇಲೆ ಹಳೇ ಸಿಗ್ನಲನ್ನು ಹೊಸ ಟಿವಿಗೆ ಸರಿಯಾಗಿ ಹೊಂದಿಸುವ ರೆಟ್ರೋಟಿಂಕ್ ಅಥವಾ ಒಎಸ್‌ಎಸ್‌ಸಿ ಥರದ ಸ್ಕೇಲರ್ ನೋಡಿ. ಅವು ದುಬಾರಿ.

ಇನ್ನೊಂದು ಮಾತು. ನಮ್ಮದು ಪಾಲ್ ಎಂಬ ಪ್ರಸಾರ ಪದ್ಧತಿಯ ಟಿವಿ, ಸೆಕೆಂಡಿಗೆ 50 ಸಲ ಚಿತ್ರ. ಅಮೆರಿಕ, ಜಪಾನಿನಲ್ಲಿ 60. ಅಲ್ಲಿಗೆಂದು ಮಾಡಿದ ಗೇಮ್ 50ರಲ್ಲಿ ಓಡಿದಾಗ ಸುಮಾರು ಶೇ 17ರಷ್ಟು ನಿಧಾನವಾಗುತ್ತದೆ. ಈಗ ಫೋನಿನಲ್ಲೋ ಹೊಸ ಕನ್ಸೋಲಿನಲ್ಲೋ ಕಾಂಟ್ರಾ ಆಡಿದಾಗ ‘ಇದೇನು ಇಷ್ಟು ಸ್ಪೀಡು, ನನಗೆ ವಯಸ್ಸಾಯ್ತಾ?’ ಅನ್ನಿಸಿದರೆ ಪೂರ್ತಿ ವಯಸ್ಸಿನ ತಪ್ಪಲ್ಲ. ನಾವು ಆಡಿದ್ದೇ ನಿಧಾನದ ಕಾಂಟ್ರಾ. ಬಹಳಷ್ಟು ಪಾಲ್ ಪಿಎಸ್2 ಗೇಮ್‌ಗಳಲ್ಲಿ ಶುರುವಿನಲ್ಲೇ 60 ಹರ್ಟ್ಸ್ ಆಯ್ಕೆ ಇರುತ್ತದೆ, ಅದನ್ನೇ ಒತ್ತಿ.

ಹಂತ 6: ಊದಬೇಡಿ, ಒರೆಸಿ

ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವುದು ನಮಗೆಲ್ಲ ಅಭ್ಯಾಸ. ಊದಿದಾಗ ಎಂಜಲಿನ ತೇವ ಪಿನ್ನಿಗೆ ತಗುಲಿ ನಿಧಾನಕ್ಕೆ ಕಿಲುಬು ಹಿಡಿಯುತ್ತದೆ. ಊದಿದ ಮೇಲೆ ಓಡಿತಲ್ಲ ಎಂದರೆ, ತೆಗೆದು ಮತ್ತೆ ಹಾಕಿದ್ದರಿಂದ ಪಿನ್ ಸರಿಯಾಗಿ ಕೂತಿತು, ಅಷ್ಟೇ.

ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಅಂಟು ಎರಡೂ ಇರುತ್ತವೆ. ಇಯರ್ ಬಡ್ ತುದಿ ಅದ್ದಿ, ಹಿಂಡಿ, ಪಿನ್ನುಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ಎಳೆಯಿರಿ. ಮೊದಲ ಬಡ್ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಬಡ್ ಬದಲಿಸುತ್ತಾ ಹೋಗಿ. ಬಿಳಿಯಾಗೇ ಬಂದಾಗ ನಿಲ್ಲಿಸಿ, ಹತ್ತು ನಿಮಿಷ ಒಣಗಲು ಬಿಡಿ. ಉಪ್ಪುಕಾಗದ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ, ಪಿನ್ನಿನ ಮೇಲಿನ ಲೇಪ ಎದ್ದುಹೋಗುತ್ತದೆ. ಎನ್‌ಇಎಸ್ ಅಥವಾ ಹಳೇ ಗೇಮ್‌ಬಾಯ್ ಕ್ಯಾಸೆಟ್ ಬಿಚ್ಚಬೇಕಿದ್ದರೆ 3.8 ಮಿಲಿಮೀಟರಿನ ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು.

ಸೇವ್ ಬ್ಯಾಟರಿ ಬಗ್ಗೆಯೂ ತಿಳಿದಿರಲಿ. ಗೇಮ್‌ಬಾಯ್‌ನ ಪೋಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಸೇವ್ ಉಳಿಯುವುದೇ 3 ವೋಲ್ಟಿನ ಬ್ಯಾಟರಿಯಿಂದ. ಬ್ಯಾಟರಿ ಸತ್ತರೆ ಸೇವ್ ಸತ್ತಂತೆ. ರೂಬಿ, ಸಫೈರ್, ಎಮರಾಲ್ಡ್‌ನಲ್ಲಿ ಹಾಗಲ್ಲ: ಬ್ಯಾಟರಿ ಹೋದರೂ ಸೇವ್ ಇರುತ್ತದೆ, ಗಡಿಯಾರ ಮಾತ್ರ ನಿಲ್ಲುತ್ತದೆ. ಬದಲಿಸುವಾಗ ತಗಡಿನ ಕಾಲು ಇರುವ ಬ್ಯಾಟರಿಯನ್ನೇ ತಂದು ಬೆಸುಗೆ ಹಾಕಿಸಿ. ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕಿದರೆ ಸಿಡಿಯಬಹುದು. ಟೇಪ್ ಸುತ್ತಿದರೆ ಸಡಿಲವಾಗುತ್ತದೆ.

ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಕನ್ಸೋಲ್ ಇದ್ದರೆ ಒಳಗಿನ ಗಡಿಯಾರದ ಕೆಪಾಸಿಟರ್ ತೆಗೆಸಿಬಿಡಿ. ಕೊನೆಯ ಮಾದರಿ ಬಿಟ್ಟು ಉಳಿದವುಗಳಲ್ಲಿ ಅದು ಸೋರಿ ಬೋರ್ಡ್ ತಿನ್ನುತ್ತದೆ. ತೆಗೆದರೆ ಗಡಿಯಾರ ಮತ್ತೆ ಮತ್ತೆ ಸೆಟ್ ಮಾಡಬೇಕು, ಬೇರೆ ತೊಂದರೆಯಿಲ್ಲ.

ಹಂತ 7: ಹೊಸ ಕನ್ಸೋಲ್‌ನಲ್ಲಿ ಹಳೇ ಗೇಮ್

ಎಲ್ಲರಿಗೂ ಹಳೇ ಡಬ್ಬ ಇಡಲು ಜಾಗ ಇರುವುದಿಲ್ಲ. ಮನೆಯಲ್ಲಿ ಡಿಸ್ಕ್ ಡ್ರೈವ್ ಇರುವ ಪಿಎಸ್5 ಇದ್ದರೆ ಅದರಲ್ಲಿ ಪಿಎಸ್4 ಡಿಸ್ಕ್ ಓಡುತ್ತದೆ. ಪಿಎಸ್1, 2, 3ರ ಡಿಸ್ಕ್ ಓಡುವುದಿಲ್ಲ. ಪಿಎಸ್1, ಪಿಎಸ್2ರ ಕೆಲವು ಗೇಮ್‌ಗಳು ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ, ಪಿಎಸ್ ಪ್ಲಸ್ ಡೀಲಕ್ಸ್ ಚಂದಾದಲ್ಲಿ ಸಿಗುತ್ತವೆ. ಹಳೇ ಡಿಸ್ಕ್‌ಗಳಿದ್ದವರಿಗೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮೇಲು. ಎಕ್ಸ್‌ಬಾಕ್ಸ್ 360ರ, ಮೊದಲ ಎಕ್ಸ್‌ಬಾಕ್ಸ್‌ನ ಎಷ್ಟೋ ಡಿಸ್ಕ್‌ಗಳನ್ನು ಅದು ಒಪ್ಪುತ್ತದೆ. ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಕಾಂಟ್ರಾ ಪ್ರಿಯರಿಗೆ 2019ರ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ ಸಾಕು. ಪಿಎಸ್4, ಎಕ್ಸ್‌ಬಾಕ್ಸ್ ಒನ್, ಸ್ವಿಚ್, ಪಿಸಿ ನಾಲ್ಕಕ್ಕೂ ಇದೆ. ಮೇಲೆ-ಮೇಲೆ-ಕೆಳಗೆ-ಕೆಳಗೆ-ಎಡ-ಬಲ-ಎಡ-ಬಲ-ಬಿ-ಎ ಬೆರಳಿಗೆ ಇನ್ನೂ ನೆನಪಿದೆ ಅಲ್ವಾ? ಆ ಕ್ರಮದಲ್ಲಿ ಬಟನ್ ಒತ್ತಿದರೆ 30 ಲೈಫ್ ನಿಮ್ಮದು.

ಡಿಜಿಟಲ್ ಕೊಳ್ಳುವಾಗ ಒಂದು ಗೊತ್ತಿರಲಿ, ಅಂಗಡಿ ಮುಚ್ಚಬಹುದು. 2023ರ ಮಾರ್ಚ್‌ನಲ್ಲಿ ನಿಂಟೆಂಡೋ 3ಡಿಎಸ್, ವೀ ಯು ಸ್ಟೋರ್‌ಗಳು ಮುಚ್ಚಿದವು. 2024ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ರ ಸ್ಟೋರ್. ಅದೇ ವರ್ಷ ಡಿಸೆಂಬರ್‌ನಲ್ಲಿ ಸೇಗಾ ತನ್ನ ಹಳೇ ಗೇಮ್‌ಗಳ ದೊಡ್ಡ ಪಟ್ಟಿಯನ್ನೇ ಮಾರಾಟದಿಂದ ಹಿಂತೆಗೆಯಿತು. ನಿಜಕ್ಕೂ ಇಷ್ಟವಾದ ಗೇಮ್ ಡಿಸ್ಕ್‌ನಲ್ಲಿ ಸಿಕ್ಕರೆ ಡಿಸ್ಕೇ ತಗೊಳ್ಳಿ.

ಹಂತ 8: ಎಮ್ಯುಲೇಟರ್

ಎಮ್ಯುಲೇಟರ್ ಅಂದರೆ ಹಳೇ ಕನ್ಸೋಲಿನ ಕೆಲಸವನ್ನು ಫೋನಿನಲ್ಲೋ ಪಿಸಿಯಲ್ಲೋ ಮಾಡುವ ಸಾಫ್ಟ್‌ವೇರ್. ಆಂಡ್ರಾಯ್ಡ್ ಫೋನ್, ಒಂದು ಬ್ಲೂಟೂತ್ ಕಂಟ್ರೋಲರ್, ರೆಟ್ರೋಆರ್ಚ್ ಆ್ಯಪ್ ಇಷ್ಟಿದ್ದರೆ ಮೆಟ್ರೋದಲ್ಲೇ ಆಡಬಹುದು. ಪಿಎಸ್2ಗೆ ಪಿಸಿಯಲ್ಲಿ ಪಿಸಿಎಸ್‌ಎಕ್ಸ್2 ಇದೆ. ಎಮ್ಯುಲೇಟರ್ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ನಿಮ್ಮದಲ್ಲದ ಗೇಮ್ ಇಳಿಸಿಕೊಳ್ಳುವುದು ಕಾಪಿರೈಟ್ ಉಲ್ಲಂಘನೆ. ನಿಮ್ಮ ಬಳಿ ಇರುವ ಪಿಎಸ್1, ಪಿಎಸ್2 ಡಿಸ್ಕನ್ನು ಕಂಪ್ಯೂಟರಿನ ಸಾಧಾರಣ ಡಿವಿಡಿ ಡ್ರೈವ್‌ನಲ್ಲೇ ಹಾಕಿ ಇಮೇಜ್ (ಇಡೀ ಡಿಸ್ಕಿನ ಪ್ರತಿ ಇರುವ ಫೈಲ್) ಮಾಡಿಕೊಳ್ಳಬಹುದು. ಗೀರು ಬಿದ್ದ ಡಿಸ್ಕ್ ಪೂರ್ತಿ ಸಾಯುವ ಮೊದಲು ಈ ಕೆಲಸ ಮುಗಿಸಿ.

ಹಂತ 9: ಜೋಡಿಸಿಡುವುದು

ಬೆಂಗಳೂರಿನ ಮಳೆಗಾಲದಲ್ಲಿ ಕಪಾಟಿನ ಒಳಗೂ ಬೂಷ್ಟು ಬರುತ್ತದೆ. ಗೇಮ್‌ಗಳನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಡಿ. ಡಿಸ್ಕ್‌ಗಳು ನೆಟ್ಟಗೆ ನಿಂತಿರಲಿ, ಕಿಟಕಿ ಬಿಸಿಲು ಬೀಳದಿರಲಿ. ಕಂಟ್ರೋಲರಿನ ವೈರ್ ಬಿಗಿಯಾಗಿ ಸುತ್ತಬೇಡಿ, ಬುಡದಲ್ಲೇ ತುಂಡಾಗುತ್ತದೆ. ಕನ್ಸೋಲ್ ಒಳಗೆ ಜಿರಲೆ, ಇರುವೆ ಸೇರುವುದು ಸಾಮಾನ್ಯ. ಬೆಚ್ಚಗಿರುತ್ತದಲ್ಲ! ಆಡದಿದ್ದಾಗ ಬಟ್ಟೆ ಚೀಲದಲ್ಲಿ ಕಟ್ಟಿಡಿ, ಆಡುವಾಗ ಮಾತ್ರ ಗಾಳಿ ಕಿಂಡಿಗೆ ಏನೂ ಅಡ್ಡ ಬರಬಾರದು.

ಒಂದು ನೋಟ್‌ಬುಕ್ ಇಡಿ: ಗೇಮ್ ಹೆಸರು, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಓಡುತ್ತದಾ ಇಲ್ಲವಾ. ಎಷ್ಟು ಕೊಟ್ಟದ್ದು ಅನ್ನುವ ಕಾಲಂ ಮನೆಯವರಿಗೆ ತೋರಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಆರು ತಿಂಗಳಿಗೊಮ್ಮೆ ಪ್ರತಿ ಕನ್ಸೋಲನ್ನೂ ಅರ್ಧ ಗಂಟೆ ಆಡಿಸಿ. ಆ ಪಟ್ಟಿಯಲ್ಲಿ ಎರಡು ವರ್ಷ ಮುಟ್ಟದ ಗೇಮ್ ಇದ್ದರೆ ಇನ್ನೊಬ್ಬ ಸಂಗ್ರಹಕಾರರಿಗೆ ಬದಲಿ ಕೊಟ್ಟು ಬೇರೆ ತಗೊಳ್ಳಿ. ಬದಲಿ ಮಾಡುವಾಗಲೂ ಡಿಸ್ಕ್ ಹಾಕಿ, ಓಡಿಸಿ ನೋಡಿಯೇ ಕೈಗೆ ತಗೊಳ್ಳಿ.